ಸಂತೆ ಮೈದಾನದ ಶೌಚಾಲಯಕ್ಕೆ ಬಿದ್ದ ಬೀಗ

ಕೊರೊನಾ ಕಾಟ ಮುಗಿದು ಸಂತೆಗಳು ಮತ್ತೆ ಮೊದಲಿನಂತೆ ಕೂಡತೊಡಗಿದ ವರ್ಷ ನಾನು ಒಂದು ಪುರಸಭೆಯ ಮುಖ್ಯಾಧಿಕಾರಿಯಾಗಿದ್ದೆ. ನನ್ನ ನೌಕರಿಯ ಬಹುಪಾಲು ಕಳೆದದ್ದು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸುತ್ತಲೇ. ಇದು ನಡೆದದ್ದು ಯಾವ ಊರಲ್ಲಿ ಎಂದು ಹೇಳುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಊರಿನ ಹೆಸರು ಹೇಳಿಬಿಟ್ಟರೆ ಉಳಿದ ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ಹಾಯಾಗಿ ಪುಟ ತಿರುಗಿಸುತ್ತಾರೆ. ಯಾರೂ ಹಾಯಾಗಿರುವುದು ನನಗೆ ಬೇಕಿಲ್ಲ.

ಮುಖ್ಯಾಧಿಕಾರಿ ಎಂದರೆ ಏನೆಂದು ಮೊದಲು ಹೇಳಬೇಕು. ಪುರಸಭೆಗೆ ಜನ ಆರಿಸಿದ ಸದಸ್ಯರಿರುತ್ತಾರೆ, ಅವರು ಆರಿಸಿದ ಅಧ್ಯಕ್ಷರಿರುತ್ತಾರೆ. ನೀರು, ಕಸ, ಬೀದಿದೀಪ, ಖಾತಾ ಬದಲಾವಣೆ ಇಂಥ ದಿನದ ಕೆಲಸ ನಡೆಸಲು ಸರ್ಕಾರ ನೇಮಿಸಿದವರು ಮುಖ್ಯಾಧಿಕಾರಿ. ಸಭೆಗಳ ನಡವಳಿ ಬರೆಯುವವರೂ ಅವರೇ. ಅಧ್ಯಕ್ಷರ ಅವಧಿ ಎರಡೂವರೆ ವರ್ಷ ಎಂದು ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಕಾಯ್ದೆಗಿಂತ ದೊಡ್ಡದು ಒಪ್ಪಂದ. ಮೂರು ಗುಂಪಿನವರು ಯಾರದೋ ಹೊಲದ ಮನೆಯಲ್ಲಿ ಕೂತು ತಲಾ ಹತ್ತು ತಿಂಗಳು ಎಂದು ಖುರ್ಚಿಯನ್ನು ಹಂಚಿಕೊಂಡಿದ್ದರು. ಹೊಸಬರು ಬಂದಾಗಲೆಲ್ಲ ಕೊಠಡಿಯ ಬಾಗಿಲು ವಾಸ್ತುವಿಗಾಗಿ ದಿಕ್ಕು ಬದಲಿಸುತ್ತಿತ್ತು. ಹಳಬರು ಪೂಜೆ ಮಾಡಿದ ಕಾಮಗಾರಿಗೆ ಹೊಸಬರು ಮತ್ತೆ ಗುದ್ದಲಿ ಹಾಕುತ್ತಿದ್ದರು. ಅಲ್ಲಿಯವರೆಗೆ ಚರಂಡಿ ಬಾಯಿ ತೆರೆದುಕೊಂಡೇ ಇರಬೇಕು.

ಇಷ್ಟಕ್ಕೆ ನಾನು ಹೊಂದಿಕೊಂಡಿದ್ದೆ. ಸಿಟ್ಟು ನೆತ್ತಿಗೇರಿದ್ದು ಸಂತೆ ಮೈದಾನದ ಹೆಂಗಸರ ಶೌಚಾಲಯದ ವಿಷಯದಲ್ಲಿ.

ನಮ್ಮದು ಸೋಮವಾರದ ಸಂತೆ. ಸುತ್ತಲ ಹಳ್ಳಿಗಳಿಂದ ಹೆಂಗಸರು ಸೊಪ್ಪು, ಬದನೆ, ಹಸಿಮೆಣಸಿನಕಾಯಿ ಹೊತ್ತು ಮೊದಲ ಬಸ್ಸಿಗೆ ಬಂದು, ಸಂಜೆ ಟಂಟಂ ಆಟೊ ಹಿಡಿದು ಹೋಗುತ್ತಾರೆ. ಅವರಲ್ಲಿ ಕಾಶೀಬಾಯಿ ಎಂಬಾಕೆ ಪುಂಡಿಪಲ್ಯದ ಸೊಪ್ಪು ಮಾರುತ್ತಿದ್ದಳು. ಅತನೂರಿನಾಕೆ ಅನ್ನಲೋ, ಇಜೇರಿಯಾಕೆ ಅನ್ನಲೋ, ಎರಡೂ ಅಲ್ಲ ಅಂದುಕೊಳ್ಳಿ. ನಾನು ಆ ಊರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ, ಏಪ್ರಿಲ್‌ ಬಿಸಿಲಲ್ಲಿ ಸಂತೆ ನೋಡಲು ಹೋದಾಗ, ಆಕೆಯ ತುಟಿ ಒಣಗಿ ಬಿರಿದದ್ದು ಕಂಡು ನನ್ನ ಬಾಟಲಿಯ ನೀರು ಕೊಡಹೋದೆ. ಆಕೆ ಕೈ ಅಡ್ಡ ಹಿಡಿದಳು.

“ಸಂತಿ ದಿನ ನಾವು ಹೆಣ್ಮಕ್ಕಳು ನೀರು ಕುಡಿಯಂಗಿಲ್ರಿ ಮೇಡಂ. ಕುಡದ್ರ ಎಲ್ಲಿಗೆ ಹೋಗಬೇಕ್ರಿ?”

ಬೇಸಿಗೆಯಲ್ಲಿ ಕಲ್ಲು ಕಾದು ಸಿಡಿಯುವ ಸೀಮೆ ನಮ್ಮದು. ಆ ಬಿಸಿಲಲ್ಲಿ ಮುಂಜಾನೆಯಿಂದ ಸಂಜೆವರೆಗೆ ನೀರು ಮುಟ್ಟದೆ ಕೂತಿರುವ ನೂರಾರು ಹೆಂಗಸರು. ಅವರ ಬಳಿ ಪುರಸಭೆ ಪ್ರತಿ ವಾರ ಜಾಗದ ಶುಲ್ಕ ವಸೂಲಿ ಮಾಡುತ್ತಿತ್ತು. ಆ ವಸೂಲಿಗೆ ಮಾತ್ರ ಯಾವ ಅಧ್ಯಕ್ಷರ ಪೂಜೆಯೂ ಬೇಕಾಗಿರಲಿಲ್ಲ.

ನಾನು ಬೆನ್ನು ಹತ್ತಿ ಯೋಜನೆಯೊಂದರಲ್ಲಿ ಹಣ ಮಂಜೂರು ಮಾಡಿಸಿದೆ. ಕಟ್ಟಡ ಎದ್ದಿತು. ಒಳ್ಳೆಯ ಕಟ್ಟಡ, ಮೇಲೆ ನೀರಿನ ಟಾಕಿ, ಒಳಗೆ ದೀಪ, ಬಾಗಿಲಿಗೆ ಸರಿಯಾದ ಚಿಲಕ. ಆಗ ಅಧ್ಯಕ್ಷರಾಗಿದ್ದವರು ಶರಣಪ್ಪನವರು, ತೊಗರಿ ವ್ಯಾಪಾರಿ. ಮುಂದಿನ ಸೋಮವಾರದಿಂದಲೇ ಬಾಗಿಲು ತೆರೆಯೋಣ ಎಂದೆ. ಅವರು ನಕ್ಕು, ಉದ್ಘಾಟನೆ ಇಲ್ಲದೆ ಹೇಗೆ ತೆರೆಯುತ್ತೀರಿ, ಶಾಸಕರ ಡೇಟ್ ಸಿಗಲಿ ಎಂದರು. ಕರಿ ಕಲ್ಲಿನ ಫಲಕ ಕೆತ್ತಿಸಿದರು. ಅದರಲ್ಲಿ ‘ಇವರ ಅಮೃತ ಹಸ್ತದಿಂದ’ ಎಂಬ ಸಾಲಿನ ಕೆಳಗೆ ಅವರ ಹೆಸರು ಎಲ್ಲಕ್ಕಿಂತ ದಪ್ಪ. ಶಾಸಕರ ಡೇಟ್ ಒಮ್ಮೆ ಸಿಕ್ಕಿ ಮದುವೆಯ ಕಾರಣಕ್ಕೆ ತಪ್ಪಿತು, ಇನ್ನೊಮ್ಮೆ ಸಿಕ್ಕಿ ಅಮಾವಾಸ್ಯೆಯ ಕಾರಣಕ್ಕೆ ತಪ್ಪಿತು. ಅಷ್ಟರಲ್ಲಿ ಶರಣಪ್ಪನವರ ಹತ್ತು ತಿಂಗಳು ಮುಗಿದವು. ಒಪ್ಪಂದದಂತೆ ರಾಜೀನಾಮೆ ಕೊಟ್ಟು ಹೋದರು.

ಹೊಸ ಅಧ್ಯಕ್ಷರ ಆಯ್ಕೆಗೆ ಮುಂಚೆ ಸದಸ್ಯರೆಲ್ಲ ತುಳಜಾಪುರಕ್ಕೆ ದೇವಿಯ ದರ್ಶನಕ್ಕೆ ಹೋದರು. ಚುನಾವಣೆ ಎದುರಿದ್ದಾಗ ನಮ್ಮ ಸದಸ್ಯರಿಗೆ ಭಕ್ತಿ ಉಕ್ಕುತ್ತದೆ. ಒಂದು ಗುಂಪಿನವರು ಇನ್ನೊಂದು ಗುಂಪಿನ ಕೈಗೆ ಸಿಗದಂತೆ ಸೊಲ್ಲಾಪುರದ ಲಾಡ್ಜಿನಲ್ಲಿ ದಿನಗಟ್ಟಲೆ ಭಕ್ತಿಯಿಂದ ಉಳಿಯುತ್ತಾರೆ. ಅಧ್ಯಕ್ಷರಿಲ್ಲದ ಆ ಹೊತ್ತಿನಲ್ಲಿ ಉಸ್ತುವಾರಿಯಿದ್ದ ಮೇಲಧಿಕಾರಿಯ ಬಳಿ ಹೋಗಿ, ಈಗಲಾದರೂ ಬಾಗಿಲು ತೆರೆಯಲು ಅಪ್ಪಣೆ ಕೊಡಿ ಎಂದು ಕೇಳಿದೆ. ಚುನಾಯಿತರು ಬರಲಿ, ಪ್ರೋಟೋಕಾಲ್ ವಿವಾದ ನಮಗ್ಯಾಕೆ ಎಂದರು. ಪ್ರೋಟೋಕಾಲ್ ಎಂದರೆ ಸರ್ಕಾರಿ ಸಮಾರಂಭದಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬ ಕ್ರಮ. ಅದನ್ನು ತಪ್ಪಿದ ನೌಕರರ ಮೇಲೆ ಕ್ರಮ ಜರುಗುತ್ತದೆ. ಶೌಚಾಲಯ ಕಟ್ಟಿ ಬೀಗ ಹಾಕಿದವರ ಮೇಲೆ ಯಾವ ಕ್ರಮವೂ ಇಲ್ಲ.

ತಮಾಷೆಯೆಂದರೆ ದಿನದ ಕೆಲಸ ಒಂದೂ ನಿಲ್ಲಲಿಲ್ಲ. ಯಾರೂ ಕಾಲಿಡದ ಆ ಶೌಚಾಲಯವನ್ನು ಪೌರಕಾರ್ಮಿಕರು ವಾರ ವಾರ ತೊಳೆದು ಮತ್ತೆ ಬೀಗ ಹಾಕುತ್ತಿದ್ದರು. ಟಾಕಿ ತುಂಬುತ್ತಿತ್ತು. ಕರೆಂಟ್ ಬಿಲ್ಲಿಗೆ ನಾನೇ ಸಹಿ ಹಾಕುತ್ತಿದ್ದೆ. ಹೆಂಗಸರು ಅದರ ಗೋಡೆಯ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು, ನೀರು ಕುಡಿಯದೆ ಕೂರುತ್ತಿದ್ದರು.

ಹೊಸ ಅಧ್ಯಕ್ಷರಾಗಿ ಮಹಾದೇವಿ ಬಂದರು. ಅವರು ಗೆದ್ದು ಬಂದ ವಾರ್ಡು ಮಹಿಳೆಗೆ ಮೀಸಲಾಗಿತ್ತು. ಖುರ್ಚಿಯಲ್ಲಿ ಕೂರುತ್ತಿದ್ದವರು ಅವರು, ಮಾತಾಡುತ್ತಿದ್ದವರು ಪಕ್ಕದ ಖುರ್ಚಿಯಲ್ಲಿ ಕೂತ ಅವರ ಗಂಡ ವೀರಭದ್ರಪ್ಪನವರು. ಉಳಿದ ಮಹಿಳಾ ಸದಸ್ಯರದೂ ಅದೇ ಕಥೆ. ಸಭಾಭವನದಲ್ಲಿ ಅವರು ಮುಂದಿನ ಸಾಲು, ಅವರ ಯಜಮಾನರು ಹಿಂದಿನ ಸಾಲು, ಮಾತೆಲ್ಲ ಹಿಂದಿನ ಸಾಲಿನದೇ. ಹೀಗೆ ಕೂರುವುದು ಕಾಯ್ದೆಗೆ ವಿರುದ್ಧ ಎಂದು ನಾನು ಹೇಳಿದಾಗಲೆಲ್ಲ ‘ಹೌದ್ರಿ ಮೇಡಂ’ ಎಂದು ಅಲ್ಲೇ ಕೂತಿರುತ್ತಿದ್ದರು.

ವೀರಭದ್ರಪ್ಪನವರು ಮೊದಲು ಮಾಡಿಸಿದ ಕೆಲಸ ಅಧ್ಯಕ್ಷರ ಕೊಠಡಿಯ ನವೀಕರಣ. ಬಾಗಿಲು ಪೂರ್ವಕ್ಕೆ ಬಂತು, ಕೊಠಡಿಗೆ ಹೊಂದಿಕೊಂಡಿದ್ದ ಹಳೆಯ ಶೌಚಾಲಯ ಒಡೆದು ಹೊಳೆಯುವ ಟೈಲ್ಸ್ ಹಾಕಿದರು. ಇಡೀ ಕಚೇರಿಯಲ್ಲಿ ಬಳಸುವಂತಿದ್ದುದು ಅದೊಂದೇ. ಸಿಮೆಂಟ್ ಆರಿದ ದಿನವೇ ಅದರ ಬಳಕೆ ಶುರುವಾಯಿತು. ಯಾವ ಶಾಸಕರ ಡೇಟೂ ಬೇಕಾಗಲಿಲ್ಲ.

ಎರಡನೆಯ ಕೆಲಸ ಸಂತೆ ಶೌಚಾಲಯದ ಫಲಕ ಕೀಳಿಸಿದ್ದು. ಅದೇ ಕಲ್ಲನ್ನು ತಿರುವಿ ಹಿಂಬದಿಯಲ್ಲಿ ಹೊಸ ಹೆಸರು ಕೆತ್ತಿಸುವುದೆಂದು ಠರಾಯಿಸಿದರು. ಇಲ್ಲಿ ಹೊಸ ಜಗಳ ಹುಟ್ಟಿತು. ಉಪಾಧ್ಯಕ್ಷರ ಹೆಸರು ಮೇಲೋ, ಸ್ಥಾಯಿ ಸಮಿತಿ ಅಧ್ಯಕ್ಷರ ಹೆಸರು ಮೇಲೋ? ಆ ವಾರ್ಡಿನ ಸದಸ್ಯರ ಹೆಸರು ಬೇಕೋ ಬೇಡವೋ? ಎರಡು ಸಾಮಾನ್ಯ ಸಭೆಗಳು ಇದರಲ್ಲೇ ಮುಗಿದವು. ಕಲ್ಲು ಕೆತ್ತುವವನು ಅರ್ಧ ಕೆತ್ತಿ ಕೈಬಿಟ್ಟು ಹೋದ.

ಮರುವರ್ಷದ ಬೇಸಿಗೆ ಬಂತು. ಒಂದು ಸೋಮವಾರ ಸಂತೆಗೆ ಹೋದಾಗ ಕಾಶೀಬಾಯಿಯ ಜಾಗದಲ್ಲಿ ಆಕೆಯ ಸೊಸೆ ರೇಣುಕಾ ಕೂತಿದ್ದಳು. ಅತ್ತೆ ಎಲ್ಲಿ ಎಂದು ಕೇಳಿದೆ. ಜ್ವರ ಬಂದು, ಮೂತ್ರಕ್ಕೆ ಸೋಂಕಾಗಿ, ಅದು ಕಿಡ್ನಿಗೆ ಏರಿ ಕಲಬುರಗಿಯ ಆಸ್ಪತ್ರೆಯಲ್ಲಿದ್ದಾಳೆ ಎಂದಳು. ವರ್ಷಗಟ್ಟಲೆ ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಹೀಗಾಗಿದೆ ಎಂದು ಡಾಕ್ಟರು ಬೈದರಂತೆ. ಬೈಯಲು ಅವರಿಗೆ ಕಾಶೀಬಾಯಿಯೇ ಸಿಕ್ಕಳು. ಅದನ್ನು ಹೇಳುವಾಗ ರೇಣುಕಾಳ ತುಟಿಯೂ ಒಣಗಿತ್ತು. ಬೆನ್ನ ಹಿಂದೆ ಆ ಬೀಗ.

ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸಾಮಾನ್ಯ ಸಭೆಯನ್ನು ವೀರಭದ್ರಪ್ಪನವರು ಶಿವನ ವಾರವೆಂದು ಸೋಮವಾರಕ್ಕೇ ಇಡಿಸಿದ್ದರು. ಅಜೆಂಡಾದಲ್ಲಿ ಮತ್ತೆ ಅದೇ ವಿಷಯ, ಫಲಕದ ಹೆಸರುಗಳು. ಸಭೆಯ ದಿನ ನಾನು ಮುಂಜಾನೆಯೇ ಬಂದು ಅಧ್ಯಕ್ಷರ ಕೊಠಡಿಯ ಹೊಸ ಶೌಚಾಲಯಕ್ಕೆ ಬೀಗ ಜಡಿದೆ. ಅದರ ಕೀಲಿಯನ್ನೂ ಸಂತೆ ಶೌಚಾಲಯದ ಕೀಲಿಯನ್ನೂ ತಂದು ಸಭಾಭವನದ ಮೇಜಿನ ಮೇಲೆ ನನ್ನ ಮುಂದೆ ಇಟ್ಟುಕೊಂಡೆ. ಸದಸ್ಯರಿಗೆ ಚಹಾ, ಲಿಂಬು ಶರಬತ್ತು, ತಣ್ಣನೆಯ ನೀರಿನ ಬಾಟಲಿ ಧಾರಾಳವಾಗಿ ಹಂಚಲು ಹೇಳಿದೆ.

ಜಗಳ ಎಂದಿನಂತೆ ಬೆಳೆಯಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಸದಸ್ಯರು ಎದ್ದು ಹೋಗಿ, ಬೀಗ ನೋಡಿ ವಾಪಸು ಬಂದು ಕೀಲಿ ಕೇಳಿದರು. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಪುರಸಭೆಯ ದುಡ್ಡಲ್ಲಿ ಕಟ್ಟಿದ್ದನ್ನು ಉದ್ಘಾಟನೆ ಆಗುವವರೆಗೆ ಬಳಸಬಾರದೆಂದು ನೀವೇ ಹೇಳುತ್ತ ಬಂದಿದ್ದೀರಿ, ಇದಕ್ಕೂ ಫಲಕದ ಹೆಸರು ತೀರ್ಮಾನವಾಗಲಿ, ಆಮೇಲೆ ತೆರೆಯೋಣ ಎಂದೆ.

ಗದ್ದಲವಾಗುತ್ತದೆ, ಆ ಗದ್ದಲದಲ್ಲಿ ಎರಡೂ ಬೀಗ ತೆರೆಯುತ್ತವೆ ಎಂದು ನಾನು ಎಣಿಸಿದ್ದೆ. ಏನೂ ಆಗಲಿಲ್ಲ. ಆ ಸದಸ್ಯರು ನಕ್ಕು ಹೊರಗೆ ಹೋದರು. ಅವರ ಹಿಂದೆ ಇನ್ನಿಬ್ಬರು ಹೋದರು, ಆಮೇಲೆ ವೀರಭದ್ರಪ್ಪನವರೂ ಹೋದರು. ಕಚೇರಿಯ ಹಿಂದೆ ಬೇವಿನ ಮರ, ಅದರ ಹಿಂದೆ ಕಾಂಪೌಂಡ್ ಗೋಡೆ. ಆ ಗೋಡೆಯ ಮೇಲೆ ‘ಇಲ್ಲಿ ಮೂತ್ರ ವಿಸರ್ಜಿಸಬಾರದು’ ಎಂದು ಪುರಸಭೆಯೇ ಬರೆಸಿತ್ತು. ಒಬ್ಬೊಬ್ಬರಾಗಿ ಹೋಗಿ, ಪ್ಯಾಂಟು ಸರಿಮಾಡಿಕೊಳ್ಳುತ್ತ ಬಂದು, ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಇಷ್ಟು ವರ್ಷ ನೌಕರಿ ಮಾಡಿದವಳಿಗೆ ಗಂಡಸರಿಗೆ ಊರೆಲ್ಲ ಗೋಡೆಯೇ ಎಂಬುದು ಹೊಳೆಯದೇ ಹೋಯಿತಲ್ಲ ಎಂದು ಹಲ್ಲು ಕಡಿದೆ.

ನನ್ನ ಬೀಗಕ್ಕೆ ಸಿಕ್ಕಿಬಿದ್ದವರು ಮುಂದಿನ ಸಾಲಿನ ಹೆಂಗಸರು ಮಾತ್ರ. ಅವರೂ ಶರಬತ್ತು ಕುಡಿದಿದ್ದರು, ಚಹಾ ಕುಡಿದಿದ್ದರು. ಒಬ್ಬಾಕೆ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು, ಇನ್ನೊಬ್ಬಾಕೆ ಕಾಲ ಮೇಲೆ ಕಾಲು ಬಿಗಿದು ಕೂತಿದ್ದರು. ಮಹಾದೇವಿಯ ಹಣೆಯ ಮೇಲೆ ಬೆವರು. ಹಿಂದಿನ ಸಾಲಿನಲ್ಲಿ ಅವರ ಗಂಡ, ಸ್ಥಾಯಿ ಸಮಿತಿಗೆ ಎರಡನೇ ಸಾಲೇ ಸಾಕು ಎಂದು ವಾದಿಸುತ್ತಿದ್ದರು. ಆ ಹೆಂಗಸರ ಮುಖ ನೋಡಿ ನನಗೆ ಕಾಶೀಬಾಯಿ ನೆನಪಾದಳು. ಕೀಲಿ ಕೊಟ್ಟುಬಿಡೋಣ ಎಂದು ನಾನು ಕೈ ಚಾಚುವಷ್ಟರಲ್ಲಿ ಮಹಾದೇವಿಯೇ ನನ್ನ ಕಡೆ ಬಾಗಿದರು. ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

“ಮೇಡಂ, ಸಂತ್ಯಾಗಿನ ಹೆಣ್ಮಕ್ಕಳು ದಿನಾ ಹಿಂಗೇ ಕುಂದರ್ತಾರೇನ್ರಿ?”

ವಾರ ವಾರ ಹೀಗೇ ಕೂರುತ್ತಾರೆ, ಬೆಳಗಿನಿಂದ ಸಂಜೆವರೆಗೆ, ಒಬ್ಬಾಕೆ ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದ್ದಾಳೆ ಎಂದು ಹೇಳಿದೆ. ಮಹಾದೇವಿ ಮೇಜಿನ ಮೇಲಿನ ಎರಡು ಕೀಲಿಗಳನ್ನು ನೋಡಿದರು.

“ಸಂತಿದು ಯಾವದ್ರಿ?”

ತೋರಿಸಿದೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಎದ್ದರು. ಹಿಂದಿನ ಸಾಲಿನಿಂದ ವೀರಭದ್ರಪ್ಪನವರು, “ಎಲ್ಲಿಗಿ ಹೊಂಟಿಬೇ? ಸಭಾ ನಡದದ” ಎಂದರು.

“ನೀವು ಹೆಸರು ಬರಕೋತ ಕುಂದರ್ರಿ,” ಎಂದು ಹೇಳಿ ಮಹಾದೇವಿ ನಡೆದರು. ಮುಂದಿನ ಸಾಲಿನ ಹೆಂಗಸರೆಲ್ಲ ಎದ್ದು ಹಿಂದೆ ಹೊರಟರು. ನಾನೂ ಹೊರಟೆ.

ಸಂತೆ ಮೈದಾನ ಕಚೇರಿಯ ಹಿಂದಿನ ರಸ್ತೆಯಲ್ಲೇ ಇದೆ. ರೇಷ್ಮೆ ಸೀರೆಯುಟ್ಟ ಅಧ್ಯಕ್ಷರು ಸೊಪ್ಪಿನ ಬುಟ್ಟಿಗಳ ನಡುವೆ ಸರಸರ ನಡೆದು ಹೋಗಿ ಬೀಗ ತೆಗೆದರು. ಟೇಪು ಕತ್ತರಿಸಲಿಲ್ಲ, ತೆಂಗಿನಕಾಯಿ ಒಡೆಯಲಿಲ್ಲ. ಬಾಗಿಲು ತೆರೆದವರೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು, ಅವರಿಗೆ ಅಷ್ಟು ಅವಸರವಾಗಿತ್ತು. ಸಂತೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಹೊರಗೆ ಬಂದ ಮಹಾದೇವಿಯೂ ನಕ್ಕರು. “ಬರ್ರಿ ಯವ್ವಾ, ಛಲೋ ಅದ,” ಎಂದರು. ರೇಣುಕಾ ಬುಟ್ಟಿಯನ್ನು ಪಕ್ಕದಾಕೆಗೆ ನೋಡಿಕೊಳ್ಳಲು ಹೇಳಿ ಎದ್ದಳು. ಸಂಜೆಯವರೆಗೆ ಬಾಗಿಲ ಮುಂದಿನ ಸಾಲು ಕರಗಲಿಲ್ಲ.

ಕೆಲವೇ ದಿನಗಳಲ್ಲಿ ನನಗೆ ಕಾರಣ ಕೇಳುವ ನೋಟೀಸು ಬಂತು. ಶಾಸಕರಿಗೆ ಆಹ್ವಾನವಿಲ್ಲದೆ, ಫಲಕವಿಲ್ಲದೆ, ಸದರಿ ಕಾಮಗಾರಿಯನ್ನು ಯಾರ ಹಸ್ತದಿಂದ ಉದ್ಘಾಟಿಸಲಾಯಿತು ಎಂದು ಅದರಲ್ಲಿ ಪ್ರಶ್ನೆ. ಉದ್ಘಾಟನೆ ಆಗಿಲ್ಲ, ಉಪಯೋಗ ಆಗುತ್ತಿದೆ ಎಂದು ಉತ್ತರ ಬರೆದೆ. ಅದಕ್ಕೆ ವರ್ಗಾವಣೆ ಸಿಕ್ಕಿತು. ಮಹಾದೇವಿಗೆ ಹತ್ತು ತಿಂಗಳೂ ದಕ್ಕಲಿಲ್ಲ. ಗುಂಪಿನ ಮಾತು ಕೇಳದವರೆಂದು ಅವಿಶ್ವಾಸ ತಂದು ಇಳಿಸಿದರು. ಆ ಗೊತ್ತುವಳಿಗೆ ಕೈ ಎತ್ತಿಸಲು ಹಿಂದಿನ ಸಾಲಿನಲ್ಲಿ ಕೂತು ಸನ್ನೆ ಮಾಡಿದವರಲ್ಲಿ ವೀರಭದ್ರಪ್ಪನವರೂ ಇದ್ದರಂತೆ. ಮೂರನೆಯ ಅಧ್ಯಕ್ಷರು ಬಂದವರೇ, ವಿಧಿವತ್ತಾಗಿ ಉದ್ಘಾಟಿಸುವವರೆಗೆ ಶೌಚಾಲಯ ಮುಚ್ಚಬೇಕೆಂದು ಬೀಗ ಕೊಟ್ಟು ನೌಕರನನ್ನು ಕಳಿಸಿದರು. ಸಂತೆಯ ಹೆಂಗಸರು ಆ ಬೀಗ ಕಸಿದುಕೊಂಡು ಅವನನ್ನು ಬರಿಗೈಯಲ್ಲಿ ವಾಪಸು ಕಳಿಸಿದರು ಎಂದು ಕೇಳಿ, ಹೊಸ ಊರಿನ ಕಚೇರಿಯಲ್ಲಿ ಕೂತು ಒಬ್ಬಳೇ ನಕ್ಕೆ.

ನಿವೃತ್ತಿಯಾದ ಮೇಲೆ ಒಂದು ಸೋಮವಾರ ಆ ದಾರಿಯಲ್ಲಿ ಹೋಗುವಾಗ ಬಸ್ಸಿಳಿದೆ. ಕಾಶೀಬಾಯಿ ಬದುಕಿದ್ದಾಳೆ, ಆದರೆ ವಾರದಲ್ಲಿ ಎರಡು ಸಲ ಡಯಾಲಿಸಿಸ್. ಸಂತೆಗೆ ಅವಳು ಮತ್ತೆ ಬರಲೇ ಇಲ್ಲ. ಯಾರಿಗಾಗಿ ಬೆನ್ನು ಹತ್ತಿ ಕಟ್ಟಿಸಿದೆನೋ ಆಕೆ ಅದರೊಳಗೆ ಒಮ್ಮೆಯೂ ಕಾಲಿಡಲಿಲ್ಲ. ಇದನ್ನು ಬರೆಯುವಾಗ ಕೂಡ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಖುರ್ಚಿಯವರು ಸರದಿಯಂತೆ ಬಂದು ಹೋಗುತ್ತಾರೆ, ಅವರು ಒಬ್ಬರಿಗೊಬ್ಬರು ಕಾಯಬಲ್ಲರು. ಜನರ ದೇಹ ಕಾಯುವುದಿಲ್ಲ. ಅಪ್ಪಣೆಗಾಗಿ ನಾನು ಅಲೆದ ಅಷ್ಟೂ ದಿನ ಕಾಶೀಬಾಯಿಯ ಮೈಯಿಂದ ಕಳೆದುಹೋದವು. ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಮತ್ತು ಕಲಿಯುವಷ್ಟರಲ್ಲಿ ತಡವಾಗಿತ್ತು.

ರೇಣುಕಾ ಅತ್ತೆಯ ಜಾಗದಲ್ಲೇ ಕೂತಿದ್ದಳು. ಗಾಳಿಗೆ ಹಾರದಂತೆ, ಸೊಪ್ಪು ಹರವಿದ್ದ ತಾಡಪತ್ರಿಯ ಮೂಲೆಯ ಮೇಲೆ, ನೌಕರನಿಂದ ಕಸಿದುಕೊಂಡ ಆ ಬೀಗ ಇಟ್ಟಿದ್ದಳು. ನಾನು ಕೇಳುವ ಮೊದಲೇ ಹೇಳಿದಳು, “ನಮ್ಮತ್ತಿ ಪ್ರತಿ ಸೋಮವಾರ ಕೇಳ್ತಾಳ್ರಿ, ಬಾಗಲಾ ತಗದದೋ ಇಲ್ಲೋ ಅಂತ. ತಗದದ ಅಂತ ಹೇಳ್ತೇನಿ.” ಆಮೇಲೆ ಬುಟ್ಟಿಯ ಹಿಂದಿನಿಂದ ನೀರಿನ ತಂಬಿಗೆ ಎತ್ತಿ, ಆ ನಡುಮಧ್ಯಾಹ್ನದಲ್ಲಿ, ಸಂತೆಯ ನಡುವೆ ಕೂತು, ಗಟಗಟ ಪೂರ್ತಿ ಕುಡಿದಳು.