ಕ್ಯಾರವಾನಿನ ಸೂರಿನ ಮೇಲೆ ಭಾವನವರ ಪೂಜೆ

ಸ್ನೇಹಿತರೇ, ನಮ್ಮ ಕ್ಯಾರವಾನಿನ ಸೂರು ಇವತ್ತು ಎರಡನೇ ಸಲ ಜೋತುಬಿತ್ತು. ಹಳೆಯ ಟೆಂಪೋವನ್ನು ಮನೆಯಂತೆ ಮಾಡಿಕೊಂಡ ಗಾಡಿ ಅದು. ಬಸ್ಸಿನಲ್ಲಿ ಕೂರಲಾಗದ ಅತ್ತೆಯವರನ್ನು ನಾಳೆ ಅದರಲ್ಲೇ ಮಲಗಿಸಿಕೊಂಡು ಶ್ರೀಶೈಲಕ್ಕೆ ಹೊರಡಬೇಕಿತ್ತು.

ಚನ್ನರಾಯಪಟ್ಟಣದ ಮೇಸ್ತ್ರಿ ಬೆಳಿಗ್ಗೆ ಮೊದಲ ಸಲ ಜೋತಿದ್ದ ಸೂರನ್ನು ಒಳಗಿನಿಂದ ಕಬ್ಬಿಣದ ಪಟ್ಟಿ ಕೊಟ್ಟು ಎತ್ತಿದರು. ಅತ್ತೆಯವರ ಫ್ಯಾನಿಗೆಂದು ಇನ್ನೊಂದು ಸೋಲಾರ್ ಪ್ಯಾನೆಲ್, ಹೊಸ ಬ್ಯಾಟರಿ ಕೂರಿಸಿದರು. "ಅಕ್ಕಾ, ಮ್ಯಾಕೆ ಯಾರೂ ಅತ್ಬ್ಯಾಡಿ. ಅದು ಪ್ಯಾನೆಲ್ ತಡೀತದೆ, ಜನ ತಡಿಯಾಕಿಲ್ಲ" ಎಂದು ಹೇಳಿಯೇ ಊಟಕ್ಕೆ ಹೋದರು.

ಪೂಜೆ ಆಗಲಿ ಎಂದವಳು ನಾನೇ. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ವಿಭೂತಿ ಸಾಕಿತ್ತು. ನಮ್ಮ ಭಾವನವರು ಕೇಳಬೇಕಲ್ಲ!

"ಒಸ ಪ್ಯಾನೆಲ್ ಇರಾದು ಮ್ಯಾಲೆ. ಕೆಳಗೆ ಪೂಜೆ ಮಾಡಿದ್ರೆ ಅದುಕ್ಕೆ ಸೇರ್ತದಾ?" ಎಂದು ಏಣಿ ಹಾಕಿದರು. ಅವರ ಹಿಂದೆ ಗಂಟೆ ಹಿಡಿದು ನಮ್ಮ ಯಜಮಾನರು, ಬೂದುಗುಂಬಳ ಹೊತ್ತು ಮೈದುನ.

"ಮೂರ್ ಜನಾನೂ ಇಳೀರಿ ಕೆಳೀಕೆ!" ಎಂದು ಕೂಗಿದೆ.

"ಸುಮ್ಕಿರವ್ವ, ಮಂಗಳಾರತಿ ಒತ್ನಲ್ಲಿ ಅಪಶಕುನ ಆಡ್ಬ್ಯಾಡ" ಎನ್ನುತ್ತಾ ಭಾವ ಕುಂಬಳಕಾಯಿ ಎತ್ತಿ ಸೂರಿಗೇ ಅಪ್ಪಳಿಸಿದರು.

ಕಾಯಿ ಒಡೆಯಲಿಲ್ಲ. ಸೂರು ಬಗ್ಗಿತು.

ಊಟ ಮುಗಿಸಿ ಬಂದ ಮೇಸ್ತ್ರಿ ತಲೆ ಮೇಲೆ ಕೈ ಇಟ್ಟುಕೊಂಡು, "ಏನ್ ಸಾ ಇದು?" ಎಂದರು.

"ನೋಡ್ದೇನ್ಲಾ, ದೃಷ್ಟಿ ಎಷ್ಟು ಜೋರಾಗಿ ಬಿದ್ದದೆ!" ಎಂದರು ಭಾವ.

ಈಗ ಕರೆಂಟು ಬೇಕಾದಷ್ಟಿದೆ, ಸೂರು ತಾಗಿ ಫ್ಯಾನು ತಿರುಗುತ್ತಿಲ್ಲ. ಮಲ್ಲಯ್ಯನ ದರ್ಶನ ಮುಂದೆ ಹೋಯಿತು. ಭಾವ ಇದಕ್ಕಿಂತ ದೊಡ್ಡ ಕುಂಬಳಕಾಯಿ ತರಲು ಸಂತೆಗೆ ಹೋಗಿದ್ದಾರೆ. ನಾನು ಏಣಿಯನ್ನು ಪಕ್ಕದ ಮನೆಗೆ ಸಾಗಿಸಿ ಬಂದೆ.