ಪ್ಲೈವುಡ್ಡಿನ ಕೋವಿ

ನಮ್ಮ ಅಪ್ಪನಿಗೆ ಪ್ಲೈವುಡ್ ಕಂಡರೆ ಆಗುತ್ತಿರಲಿಲ್ಲ. ಮಂಗಳೂರಿನ ಸುತ್ತಲಿನ ನಾಲ್ಕಾರು ಇಗರ್ಜಿಗಳಿಗೆ ಆಲ್ತಾರ್, ಅಂದರೆ ಪೂಜೆಯ ಪೀಠ, ಕೆತ್ತಿದ ಕೈ ಅವರದು. ಪದರ ಪದರಕ್ಕೆ ಅಂಟು ಹಚ್ಚಿ ಒತ್ತಿದ್ದನ್ನು ಮರ ಎಂದು ಕರೆದವರಿಗೆ ಅವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮಾಡಿ ಮುಗಿಸಿದ ಪ್ರತಿ ಸಾಮಾನಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಉಳಿಯಿಂದ ಮೂರು ಸಣ್ಣ ಗೀರು ಹಾಕುತ್ತಿದ್ದರು. ಅದು ನಮ್ಮ ಮನೆಯ ಗುರುತು.

ಅಂಥವರ ಮಗ ನಾನು ಇಪ್ಪತ್ತಾರು ವರ್ಷಗಳಿಂದ ಬಹರೈನಿನಲ್ಲಿ ಪ್ಲೈವುಡ್ಡನ್ನೇ ಕೊಯ್ಯುತ್ತಿದ್ದೇನೆ. ಸಿತ್ರಾದ ಒಂದು ವರ್ಕ್‌ಶಾಪಿನಲ್ಲಿ ಕಿಚನ್ ಕಪಾಟು, ಆಫೀಸಿನ ಕೌಂಟರು, ಹೋಟೆಲಿನ ಮಂಚ. ಬೆಳಿಗ್ಗೆ ಐದಕ್ಕೆ ಕಂಪೆನಿಯ ಬಸ್ಸು ಹತ್ತಿದರೆ ಸಂಜೆ ಮೂಗಿನೊಳಗೆಲ್ಲ ಅಂಟಿನ ಪುಡಿ. ಎಷ್ಟು ಮನೆಗಳಿಗೆ ಕಪಾಟು ಮಾಡಿದೆನೋ ಲೆಕ್ಕವಿಲ್ಲ. ಒಂದರ ಅಡಿಯಲ್ಲೂ ಗೀರು ಹಾಕಲಿಲ್ಲ. ಅಪ್ಪನ ಗುರುತನ್ನು ಪ್ಲೈವುಡ್ಡಿನ ಮೇಲೆ ಹಾಕುವುದೆಂದರೆ ಅವರ ಹೆಸರಿಗೆ ಮಸಿ ಬಳಿದ ಹಾಗೆ ಎಂದು ನನಗೆ ಅನಿಸುತ್ತಿತ್ತು. ಮಾಹೂಝಿನ ನಮ್ಮ ಫ್ಲ್ಯಾಟಿನಲ್ಲಿ ಮಂಚದ ಕೆಳಗೆ ಒಂದು ಸಾಗುವಾನಿ ಹಲಗೆ ಇಟ್ಟುಕೊಂಡಿದ್ದೆ. ಯಾವುದೋ ಹಳೆಯ ಮನೆ ಕೆಡವುವಾಗ ಸಿಕ್ಕಿದ್ದು, ನಮ್ಮ ಕಡೆಯಿಂದಲೇ ಹಾಯಿಹಡಗಿನಲ್ಲಿ ಬಂದ ಮರ ಇರಬೇಕು. ಅದರಿಂದ ಮನೆಗೊಂದು ಸಣ್ಣ ಆಲ್ತಾರ್ ಮಾಡುತ್ತೇನೆಂದು ನರ್ಸ್ ಕೆಲಸದ ಹೆಂಡತಿಗೆ ವರ್ಷ ವರ್ಷ ಹೇಳುತ್ತ ಬಂದೆ. ಆಲ್ತಾರ್ ಇಲ್ಲದೆ ದೇವಮಾತೆಯ ಪ್ರತಿಮೆ ಫ್ರಿಜ್ಜಿನ ಮೇಲೆಯೇ ನಿಂತಿತ್ತು. ಪ್ಲೈವುಡ್ಡಿನಲ್ಲೇ ಮಾಡಿಬಿಡಿ ಎಂದು ಅವಳು ಹೇಳಿದಾಗಲೆಲ್ಲ ನಾನು ಸಿಡುಕುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಬುಸೈತೀನಿನ ಒಬ್ಬ ಮುದುಕರು ವರ್ಕ್‌ಶಾಪಿಗೆ ಬಂದರು. ಎಲ್ಲರೂ ಅವರನ್ನು ಹಾಜಿ ಎನ್ನುತ್ತಿದ್ದರು. ಹಳೆಯ ಗಡಿಯಾರ, ರೇಡಿಯೋ, ಕತ್ತಿ ಕೂಡಿಹಾಕುವ ಹುಚ್ಚು ಅವರಿಗೆ. ನನಗೆ ತಂದುಕೊಟ್ಟದ್ದು ಜರ್ಮನಿಯ ಸೈನಿಕರು ಹಿಡಿಯುತ್ತಿದ್ದ ಒಂದು ಹಳೆಯ ಕೋವಿಯ ಮರದ ಭಾಗ. ಕೈ ಹಿಡಿಯುವ ಕತ್ತಿನ ಹತ್ತಿರ ಎರಡು ತುಂಡಾಗಿತ್ತು. ನಳಿಗೆಗೆ ಬೆಣೆ ಹೊಡೆದು ಗುಂಡು ಹಾರದಂತೆ ಮಾಡಿದ್ದಾರಂತೆ, ಪೊಲೀಸರ ಕಾಗದವೂ ಇದೆಯಂತೆ. ಆದರೂ ಕಬ್ಬಿಣದ ಭಾಗ ಮನೆಯ ಬೀಗ ಹಾಕಿದ ಕಪಾಟಿನಿಂದ ಹೊರಗೆ ಬರುವ ಹಾಗಿಲ್ಲ. ನೀನು ಮರ ಸರಿ ಮಾಡಿ ತಾ, ಅಲ್ಲಿಯೇ ಜೋಡಿಸೋಣ ಎಂದು ತಮ್ಮ ಹಳೆಯ ಬೊಂಬಾಯಿ ಹಿಂದಿಯಲ್ಲಿ ಹೇಳಿ ಹೋದರು.

ಅವರು ಹೋದ ಮೇಲೆ ಮುರಿದ ಕಡೆ ಬೆಳಕಿಗೆ ಹಿಡಿದು ನೋಡಿದೆ. ಪದರ, ಪದರ, ಪದರ. ಪ್ಲೈವುಡ್. ನನಗೆ ನಗುವೂ ಬಂತು, ಸಿಟ್ಟೂ ಬಂತು. ಯಾವನೋ ಕಳ್ಳ ವ್ಯಾಪಾರಿ ಒಳ್ಳೆಯ ಮರವನ್ನು ತೆಗೆದು ಇದನ್ನು ಸೇರಿಸಿ ಪಾಪದ ಮುದುಕರಿಗೆ ಟೋಪಿ ಹಾಕಿದ್ದಾನೆ ಎಂದುಕೊಂಡೆ. ನಳಿಗೆ ಕೂರುವ ಕಾಲುವೆಯ ಒಳಗೆ ನಾಲ್ಕು ಅಂಕಿಗಳ ಒಂದು ನಂಬರ್ ಒತ್ತಿತ್ತು. ನಮ್ಮೂರ ಮರದ ಡಿಪೋದಲ್ಲಿ ದಿಮ್ಮಿಗೆ ಸುತ್ತಿಗೆಯಿಂದ ಹೊಡೆಯುವ ನಂಬರಿನ ಹಾಗಿತ್ತು. ಅದನ್ನು ನೋಡಿದೆ, ನೋಡಿ ಬಿಟ್ಟೆ.

ಹಾಜಿಯವರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಇಷ್ಟು ವರ್ಷಕ್ಕೆ ಒಂದು ನಿಜವಾದ ಮರದ ಕೆಲಸ ಕೈಗೆ ಬಂದಿದೆ, ಮಾಡಿಯೇ ತೋರಿಸುತ್ತೇನೆ ಎಂಬ ಹಟ ನನ್ನದು. ಮಂಚದ ಕೆಳಗಿನ ಸಾಗುವಾನಿ ಹಲಗೆ ಹೊರಗೆ ಬಂತು. ಮುರಿದ ತುಂಡುಗಳನ್ನು ಮಾದರಿಗೆ ಇಟ್ಟುಕೊಂಡು, ಕೆಲಸ ಬಿಟ್ಟ ಮೇಲಿನ ಸಂಜೆಗಳಲ್ಲಿ ಐದು ವಾರ ಕೆತ್ತಿದೆ. ಸೊಂಟ ಬಿದ್ದು ಹೋಯಿತು, ಕನ್ನಡಕ ಬದಲಿಸಬೇಕಾಯಿತು. ಹೆಂಡತಿ ಖಾಲಿಯಾದ ಮಂಚದ ಅಡಿಯನ್ನು ನೋಡಿ ಬ್ಯಾಗು ಎತ್ತಿಕೊಂಡು ಡ್ಯೂಟಿಗೆ ಹೋದಳು. ಕೊನೆಗೆ ಒಳಮೈಯಲ್ಲಿ ಮೂರು ಗೀರು ಹಾಕಿದೆ, ಬಹರೈನಿಗೆ ಬಂದ ಮೇಲೆ ಮೊದಲ ಸಲ. ಹಳೆಯ ತುಂಡುಗಳನ್ನು ನಾನೇ ಗುಜರಿ ಮರದ ಚೀಲಕ್ಕೆ ಎಸೆದೆ.

ಬುಸೈತೀನಿನ ಮನೆಯಲ್ಲಿ ಹಾಜಿ ಕಬ್ಬಿಣವನ್ನು ತಂದು ಸಾಗುವಾನಿಯ ಮೇಲೆ ಇಟ್ಟರು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅವರು ಕೈಯಾಡಿಸಿದರು, ತಿರುಗಿಸಿದರು, ಗೀರುಗಳನ್ನು ಕಂಡು ಇದೇನು ಎಂದು ಕೇಳಿದರು. ನಾನು ಅಪ್ಪನ ಕತೆಯನ್ನೆಲ್ಲ ಉಬ್ಬಿ ಹೇಳಿದೆ. ಕೈ ಒಳ್ಳೆಯದಿದೆ ಎಂದರು. ಆಮೇಲೆ, ಹಳೆಯ ಮರ ಎಲ್ಲಿ ಎಂದರು.

ಅದು ಪ್ಲೈವುಡ್ ಹಾಜಿ, ಡೂಪ್ಲಿಕೇಟು, ಬಿಸಾಡಿದೆ ಎಂದೆ.

ಅವರು ಎದ್ದು ಒಳಗೆ ಹೋದರು. ಮತ್ತೆ ಭೂತಗನ್ನಡಿ ತಂದು ಕಬ್ಬಿಣದ ಮೇಲಿನ ನಂಬರ್ ತೋರಿಸಿದರು. ಅದೇ ನಾಲ್ಕು ಅಂಕಿ. ಕಬ್ಬಿಣ ಒಂದು ಕಡೆ, ಮರ ಇನ್ನೊಂದು ಕಡೆ ಸಿಕ್ಕಿತ್ತಂತೆ. ಎರಡನ್ನೂ ಒಂದು ಮಾಡಲು ಒಂಬತ್ತು ವರ್ಷ ಹುಡುಕಿದ್ದರಂತೆ. ಯುದ್ಧದ ಕಾಲದಲ್ಲಿ ಜರ್ಮನಿಯವರೇ ಹೀಗೆ ಪದರ ಅಂಟಿಸಿ ಕೋವಿಯ ಮರ ಮಾಡುತ್ತಿದ್ದರಂತೆ. ಅಂದರೆ ಆ ಕೋವಿ ಹುಟ್ಟಿದ್ದೇ ಪ್ಲೈವುಡ್ಡಿನಲ್ಲಿ.

"ನೀನೂ ಗುರುತು ಹಾಕುವವನೇ ಅಲ್ಲವಾ ಉಸ್ತಾದ್?" ಎಂದರು ಹಾಜಿ. "ಮತ್ತೆ ಅವರ ಗುರುತು ನಿನ್ನ ಕಣ್ಣಿಗೆ ಬೀಳಲಿಲ್ಲವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ನನಗೆ ಚಹಾ ಬಗ್ಗಿಸಿದರು. ನಾಚಿಕೆ ಎಂದರೆ ಏನೆಂದು ಐವತ್ತೆಂಟನೇ ವಯಸ್ಸಿನಲ್ಲಿ ಹೊಸದಾಗಿ ಕಲಿತೆ. ಆ ತುಂಡುಗಳನ್ನು ಹುಡುಕಿ ತರುತ್ತೇನೆಂದು ಹೇಳಿ ಎದ್ದೆ. ತರದಿದ್ದರೆ ಇನ್ನು ಉಳಿ ಮುಟ್ಟಲು ನನಗೆ ಮುಖವಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ವರ್ಕ್‌ಶಾಪಿನ ಪಿಕಪ್ ಓಡಿಸುವವ ಉಳ್ಳಾಲದ ಬ್ಯಾರಿ, ನನ್ನದೇ ವಯಸ್ಸು. ಚಳಿಗಾಲದಲ್ಲಿ ಇಲ್ಲಿನವರು ಸಖೀರಿನ ಮರಳಿನಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ಇರುತ್ತಾರೆ; ಗುಜರಿ ಮರದ ಚೀಲಗಳನ್ನು ಅವನು ವಾರಕ್ಕೊಮ್ಮೆ ಅವರಿಗೆ ಚಳಿ ಕಾಯಿಸಲು ಕೊಟ್ಟು ಬರುತ್ತಾನೆ. ವಿಷಯ ಕೇಳಿ ಅವನು ತಲೆ ಕೆರೆದುಕೊಂಡ.

"ಎಂಥ ಮಾರಾಯ್ರೆ ಪೊರ್ಬುಗಳೇ, ನೀವು ಎಸೆದದ್ದು ಬುಧವಾರ ಅಲ್ವಾ? ಗುರುವಾರವೇ ಕೊಟ್ಟಾಯ್ತು. ಈಗ ಬೂದಿ ಆಗಿರ್ತದೆ" ಎಂದ. ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಪೊರ್ಬು ಎಂದೇ ಕರೆಯುವುದು. ಆದರೂ ಶುಕ್ರವಾರ ನನ್ನ ಪೂಜೆ ಮುಗಿಯುವವರೆಗೆ ಇಗರ್ಜಿಯ ಹೊರಗೆ ಗಾಡಿ ನಿಲ್ಲಿಸಿ ಕಾದ, ತನ್ನ ನಮಾಜನ್ನು ದಾರಿಯ ಮಸೀದಿಯಲ್ಲಿ ಮುಗಿಸಿದ.

ಮೊದಲ ಎರಡು ಡೇರೆಗಳಲ್ಲಿ ಬೂದಿಯೇ ಇತ್ತು. ನಾನು ಮೊಣಕಾಲೂರಿ ಕಡ್ಡಿಯಿಂದ ಆ ಬೂದಿಯನ್ನೂ ಕೆದಕಿದೆ. ಡೇರೆಯವರು ಈ ಮುದುಕ ಏನು ಕಳೆದುಕೊಂಡಿದ್ದಾನೆ ಎಂದು ನೋಡುತ್ತಿದ್ದರು; ಬ್ಯಾರಿ ಅರಬಿಯಲ್ಲಿ ಏನೋ ಸಮಾಧಾನ ಹೇಳುತ್ತಿದ್ದ. ಮೂರನೆಯ ಡೇರೆಯಲ್ಲಿ ಉದ್ದದ ಮುಂಭಾಗ ಸಿಕ್ಕಿತು. ಬೆಂಕಿ ಕೆದಕಲು ಇಟ್ಟುಕೊಂಡಿದ್ದರು, ತುದಿ ಒಂದು ಗೇಣಿನಷ್ಟು ಸುಟ್ಟು ಹೋಗಿತ್ತು. ನಂಬರ್ ಮಾತ್ರ ಹಾಗೇ ಇತ್ತು. ಹೆಗಲಿಗೆ ಆನಿಸುವ ಹಿಂಭಾಗ ಡೇರೆಯ ಹಿಂದೆ ಮರಳಿನಲ್ಲಿ ಬಿದ್ದಿತ್ತು. ಮುಂಭಾಗದ ತುದಿ ಸುಟ್ಟಾಗಲೇ ಕೆಟ್ಟ ವಾಸನೆ ಬಂದದ್ದರಿಂದ ಇದನ್ನು ಬೆಂಕಿಗೆ ಹಾಕದೆ ಬಿಸಾಡಿದೆವು ಎಂದರು. ಅಪ್ಪ ಜೀವನವಿಡೀ ಬೈದ ಅಂಟೇ ಅದನ್ನು ಉಳಿಸಿತ್ತು. ಎರಡನ್ನೂ ಅಂಗಿಯ ತುದಿಯಿಂದ ಒರೆಸಿ, ಪಿಕಪ್ಪಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಬಂದೆ.

ಕತ್ತಿನ ಮುರಿತವನ್ನು ಅಂಟು ಹಾಕಿ, ಒಳಗೆ ಎರಡು ಮರದ ಮೊಳೆ ಕೂರಿಸಿ ಸರಿಮಾಡಿದೆ. ಸುಟ್ಟ ತುದಿಯದೇ ದೊಡ್ಡ ಕೆಲಸ. ಸಾಗುವಾನಿ ಹಾಕುವ ಹಾಗಿಲ್ಲ, ಇಡೀ ಮರ ಹಾಕುವ ಹಾಗೂ ಇಲ್ಲ. ಯುರೋಪಿನಲ್ಲಿ ಬೆಳೆಯುವ ಬೀಚ್ ಎಂಬ ಮರದ ಒಂದು ಹಳೆಯ ಕುರ್ಚಿಯನ್ನು ಕೊಯ್ದು, ಬೆರಳುಗುರಿನ ದಪ್ಪಕ್ಕೆ ಸೀಳಿ, ಒಂದರ ಮೇಲೊಂದು ಅಂಟಿಸಿ ಒತ್ತಿಟ್ಟೆ. ಹಳೆಯ ಪದರಕ್ಕೆ ಹೊಸ ಪದರ ನೇರ ಬರಬೇಕು. ಎರಡು ಸಲ ತಪ್ಪಿತು, ಎರಡು ಸಲ ಕಿತ್ತು ಮತ್ತೆ ಮಾಡಿದೆ. ಆಲ್ತಾರ್ ಕೆತ್ತುವವರ ಮಗ ಕೂತು ಕೈಯಾರೆ ಪ್ಲೈವುಡ್ ಮಾಡುತ್ತಿದ್ದಾನಲ್ಲ ಎಂದು ಅನಿಸಿತು. ಅವಮಾನವೇನೂ ಆಗಲಿಲ್ಲ, ಸುಸ್ತು ಮಾತ್ರ ಆಯಿತು. ಆ ಪದರಗಳನ್ನು ನನಗಿಂತ ಮೊದಲು ಜೋಡಿಸಿದವನಿಗೂ ಹೀಗೇ ಸುಸ್ತಾಗಿರಬೇಕು. ಅವನಿಗೂ ಒಳ್ಳೆಯ ಮರ ಸಿಕ್ಕಿರಲಿಲ್ಲ.

ಹಾಜಿ ಕೋವಿಯನ್ನು ಜೋಡಿಸಿ ಜೋಡಣೆಯ ಮೇಲೆ ಹೆಬ್ಬೆರಳು ಓಡಿಸಿದರು. ಎಲ್ಲಿ ಹಳೆಯದು ಮುಗಿದು ಹೊಸದು ಶುರುವಾಯಿತೆಂದು ಗೊತ್ತಾಗುತ್ತಿತ್ತು. ಗೊತ್ತಾಗಲಿ, ನಡೆದದ್ದನ್ನು ಮುಚ್ಚಬೇಕಾಗಿಲ್ಲ ಎಂದರು. ಹೊಸ ತುದಿಯ ಒಳಗೆ ಗುರುತು ಹಾಕಿದ್ದೀಯಾ ಎಂದು ಕೇಳಿದರು. ಇಲ್ಲ, ಮನಸ್ಸು ಬರಲಿಲ್ಲ ಎಂದೆ. ಅವರು ಒತ್ತಾಯಿಸಲಿಲ್ಲ. ಸಾಗುವಾನಿಯದನ್ನು ಬಟ್ಟೆಯಲ್ಲಿ ಸುತ್ತಿ ನನಗೇ ವಾಪಸು ಕೊಟ್ಟರು. ಅದೀಗ ನಮ್ಮ ಬಟ್ಟೆ ಕಪಾಟಿನ ಹಿಂದೆ ನಿಂತಿದೆ. ನೋಡಲು ಬಹಳ ಚಂದ, ಯಾವ ಕೆಲಸಕ್ಕೂ ಬಾರದು.

ಮುಂದಿನ ವಾರ ವರ್ಕ್‌ಶಾಪಿನಲ್ಲಿ ಯಾರದೋ ಕಿಚನ್ ಮುಗಿದು ಉಳಿದ ಪ್ಲೈವುಡ್ ತುಂಡನ್ನು ಕೇಳಿ ಮನೆಗೆ ತಂದೆ. ಎರಡು ಸಂಜೆಯಲ್ಲಿ ಆಲ್ತಾರ್ ಆಯಿತು. ಹೆಂಡತಿ ಡ್ಯೂಟಿಯಿಂದ ಬಂದು, ಚಪ್ಪಲಿ ಬಿಚ್ಚುವುದನ್ನೂ ಮರೆತು ನೋಡುತ್ತ ನಿಂತಳು.

"ಸಾಗುವಾನಿಯಲ್ಲೇ ಆಗ್ಬೇಕು ಅಂತ ಇದ್ರಲ್ಲ ನೀವು?"

"ಇನ್ನು ಕಾಯ್ಲಿಕ್ಕೆ ಆಗುದಿಲ್ಲ" ಎಂದೆ.

ಅವಳು ಪ್ರತಿಮೆಯನ್ನು ಫ್ರಿಜ್ಜಿನ ಮೇಲಿನಿಂದ ಇಳಿಸಿ ಒರೆಸುತ್ತಿದ್ದಾಗ ನಾನು ಆಲ್ತಾರನ್ನು ಮಗುಚಿ, ಅಡಿಯಲ್ಲಿ ಉಳಿಯಿಂದ ಮೂರು ಗೀರು ಹಾಕಿದೆ. ಪ್ಲೈವುಡ್ಡಿನ ಮೇಲೆ ಹಾಕಿದ್ದು ಅದೇ ಮೊದಲು. ಆ ಕ್ಷಣ ನೆನಪಾದದ್ದು ಅಪ್ಪ ಅಲ್ಲ. ಈ ದ್ವೀಪದ ತುಂಬ ಇರುವ ನನ್ನ ಅಡುಗೆಮನೆಗಳು ನೆನಪಾದವು. ಇಪ್ಪತ್ತಾರು ವರ್ಷದ ಕೆಲಸ ಅದು, ಒಂದರ ಅಡಿಯಲ್ಲೂ ನಾನಿಲ್ಲ. ಉಳಿಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಕೊಂಡೆ. ಹೆಂಡತಿ ಏನಾಯಿತು ಎಂದು ಕೇಳಿದಾಗ ಸೊಂಟ ನೋವು ಎಂದೆ.