ಲಿಸನಿಂಗ್ ಒಂದೇ ಬಾಕಿ

ಸುಜಯೀಂದ್ರ ಚರ್ಮದ ಕಾರ್ಖಾನೆಗೆ ಸೇರಿದಾಗ ಮೈಸೂರಿನ ನೆಂಟರೆಲ್ಲ ಮೂಗು ಮುರಿದಿದ್ದರು. ಆಚಾರವಂತರ ಮನೆಯ ಹುಡುಗನಿಗೆ ಬೇರೆ ಕೆಲಸವೇ ಸಿಗಲಿಲ್ಲವೇ ಅಂತ. ಅವನು ಕ್ಯಾರೇ ಅನ್ನಲಿಲ್ಲ. ಕ್ರೋಂಪೇಟೆಯಲ್ಲಿ, ಚರ್ಮ ಹದ ಮಾಡುವ ಆಳೆತ್ತರದ ಮರದ ಪೀಪಾಯಿಗಳು ಹಗಲೆಲ್ಲ ಗಡಗಡ ಉರುಳುವ ಶೆಡ್ಡಿನಲ್ಲಿ ಕೆಮಿಸ್ಟ್ ಆಗಿ ಯೌವನ ಸವೆಸಿದ. ಅಲ್ಲಿಂದ ಹರಿದುಹೋಗುವ ಕೊಳಕು ನೀರನ್ನು ತಿಳಿ ಮಾಡುವ ದಾರಿ ಹುಡುಕುವುದು ಅವನ ಹುಚ್ಚು. ಆ ಹುಚ್ಚನ್ನು ಮೆಚ್ಚಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಸಂಶೋಧನೆಗೆ ಸೀಟು ಕೊಟ್ಟಿತು. ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಅಷ್ಟೇ ಷರತ್ತು.

ಓದುವುದು, ಬರೆಯುವುದು, ಮಾತಾಡುವುದು, ಮೂರರಲ್ಲೂ ಒಳ್ಳೆಯ ಅಂಕ ಬಂತು. ಲಿಸನಿಂಗ್‌ನಲ್ಲಿ ಮಾತ್ರ ಮಕಾಡೆ ಬಿದ್ದ. ಎರಡನೇ ಸಲವೂ ಅದೇ ಗತಿ.

"ಅವರ ಉಚ್ಚಾರಣೆ ನಂಗೆ ಹಿಡಿಯಲ್ಲ ಕಣೆ. ಹೆಡ್‌ಫೋನಲ್ಲಿ ಎಲೆಯಡಿಕೆ ಹಾಕ್ಕೊಂಡೋರ ಹಾಗೆ ಮಾತಾಡ್ತಾರೆ" ಅಂದ.

ಹೆಂಡತಿ ನಿಖಿತಾಗೂ ಅದೇ ನಿಜ ಅನ್ನಿಸಿತ್ತು. ದಿನಾ ಸಂಜೆ ಅವಳೇ ಎದುರು ಕೂತು ಅಭ್ಯಾಸದ ಪಾಠ ಓದುವಳು, ಅವನು ಕೇಳಿ ಉತ್ತರ ಬರೆಯುವನು, ಒಂದೂ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಇಷ್ಟು ಜಾಣ, ನುಂಗಂಬಾಕ್ಕಂನ ಪರೀಕ್ಷಾ ಕೇಂದ್ರದ ಮೆಟ್ಟಿಲು ಹತ್ತಿದರೆ ಮಂಕು ಕವಿಯುತ್ತಾ ಅಂತ ಅವಳು ರೇಗಿಸುತ್ತಿದ್ದಳು.

ಸೀಟು ಕೈಬಿಟ್ಟು ಹೋಗುವ ಮುಂಚೆ ಇನ್ನೊಂದೇ ಅವಕಾಶ ಉಳಿದಿತ್ತು. ಅವತ್ತು ಭಾನುವಾರ. ಒಲೆಯ ಮೇಲೆ ದೋಸೆಯ ಕಾವಲಿ ಇತ್ತು. ನಿಖಿತಾ ಪುಸ್ತಕವನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಹಿಟ್ಟು ಹುಯ್ಯುತ್ತಲೇ ಪಾಠ ಓದಿದಳು. ಪಕ್ಕದ ಮನೆಯ ಮಾಮಿಗೂ ಕೇಳಿಸುವಷ್ಟು ಗಟ್ಟಿಯಾಗಿ ಓದಿದಳು. ಮುಗಿಸಿ, ತಟ್ಟೆ ಹಿಡಿದು ತಿರುಗಿದರೆ, ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದ ಅವನ ಹಾಳೆ ಖಾಲಿ. ಪೆನ್ನು ಹಿಡಿದು ಕಾಯುತ್ತಿದ್ದ.

"ಸೆರಿ, ಶುರು ಮಾಡೇ. ದೋಸೆ ಆಮೇಲಾಗ್ಲಿ."

ಅವಳು ಒಲೆ ಆರಿಸಿದಳು. ಮಾತಾಡುವಾಗ ನನ್ನ ಮುಖವನ್ನೇ ನೋಡುವ ಗಂಡ ಅಂತ ಓರಗಿತ್ತಿಯ ಮುಂದೆ ಎಷ್ಟು ಬೀಗಿದ್ದಳು! ಅವನು ನೋಡುತ್ತಿದ್ದದ್ದು ಅವಳ ತುಟಿಗಳನ್ನು. ಪಾಪ, ಅವನಿಗೇ ಅದು ಗೊತ್ತಿರಲಿಲ್ಲ. ಆ ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡೇ ಮಾತಾಡುವವರು, ಆ ರೂಢಿ ಅವನ ಜೊತೆ ಮನೆಗೂ ಬಂದಿತ್ತು. ಪೀಪಾಯಿಗಳು ವರ್ಷಗಟ್ಟಲೆ ಅವನ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿದ್ದವು. ಹೆಡ್‌ಫೋನಿಗೆ ತುಟಿ ಎಲ್ಲಿಂದ ಬರಬೇಕು?

ನನ್ನ ಅನುಮಾನ ಸುಳ್ಳಾಗಲಿ ದೇವರೇ ಅಂದುಕೊಂಡು ಎದುರು ಬಂದು ಕೂತಳು. ದನಿ ಒಂದಿಷ್ಟೂ ಹೊರಡಿಸದೆ ಬರೀ ತುಟಿ ಆಡಿಸಿದಳು: "ನಿಮ್ಗೆ ಕಿವಿ ಕೇಳಿಸ್ತಾ ಇಲ್ಲ ರೀ."

ಸುಜಯೀಂದ್ರ ಜೋರಾಗಿ ನಕ್ಕ.

"ಯಾರೇ ಹೇಳಿದ್ದು? ಈಗ ನೀನು ಹೇಳಿದ್ದು ಕೇಳಿಸ್ತಲ್ಲ!"